ಕಳ್ಳಿ ಮೇಲೆ ಬಿಳಿ ಹತ್ತಿ, ಒರೆಸಿದರೆ ಕೈಯೆಲ್ಲ ಕೆಂಪು. ಇದು ಬ್ರಿಟಿಷರ ಕಾಲದ ಹುಳವೇ?

ಹಿರಿಯೂರು_ಕುರಿಮಂದೆ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಕುರಿಗಳ ಮೇವಿಗೆ ಅಂತ ಮುಳ್ಳಿಲ್ಲದ ಕಳ್ಳಿ ಹಾಕಿದ್ದೆ. ಹೊಲದ ಮೂಲೆಯಲ್ಲಿ ಬರೀ ಕಲ್ಲುನೆಲ, ಅಲ್ಲಿ ಬೇರೇನೂ ಬರುವುದಿಲ್ಲ. 300 ಎಲೆ ನೆಟ್ಟೆ, 250ರ ಮೇಲೆ ಹಿಡಿದವು. ಬೇಸಿಗೆಯಲ್ಲಿ ಕತ್ತರಿಸಿ ಒಣಮೇವಿನ ಜೊತೆ ಕೊಟ್ಟರೆ ಕುರಿಗಳು ಬಿಡದೆ ತಿನ್ನುತ್ತಿದ್ದವು.

ಹೋದ ತಿಂಗಳಿಂದ ಬುಡದ ಎಲೆಗಳ ಮೇಲೆ ಹತ್ತಿ ಉಂಡೆ ಅಂಟಿಸಿದ ಹಾಗೆ ಕಾಣುತ್ತಿದೆ. ಮುಳ್ಳಿನ ಕಣ್ಣು ಇರುತ್ತದಲ್ಲ, ಅದರ ಸುತ್ತಲೇ ಜಾಸ್ತಿ. ಬೂಷ್ಟು ಇರಬೇಕು ಅಂತ ಹೆಬ್ಬೆರಳಿನಿಂದ ಒರೆಸಿದೆ. ಕೈ ಪೂರ್ತಿ ಕೆಂಪು! ತೊಳೆದರೂ ಉಗುರಿನ ಸಂದಿಯಲ್ಲಿ ಎರಡು ದಿನ ಹಾಗೇ ಇತ್ತು. ಕೈ ಕೊಯ್ದುಕೊಂಡೆನೇನೋ ಅಂತ ನಮ್ಮ ಮನೆಯವರು ಗಾಬರಿ ಆದರು.

ಪಕ್ಕದ ಹೊಲದ ಅಜ್ಜ ಹೇಳುತ್ತಾರೆ, ಇದು ಸರ್ಕಾರದ ಹುಳ, ಅವರ ಅಪ್ಪನ ಕಾಲದಲ್ಲಿ ಪಾಪಾಸುಕಳ್ಳಿ ಸಾಯಿಸಲು ಬಿಟ್ಟಿದ್ದು ಅಂತ. ನಿಜವಾ? ಇನ್ನೊಂದು ವಿಷಯ. ಹುಳ ಹತ್ತದ ತಳಿ ಹೊರದೇಶದಿಂದ ತರಿಸಿಕೊಡ್ತೀನಿ ಅಂತ ಒಬ್ಬರು ಬೆನ್ನು ಹತ್ತಿದ್ದಾರೆ. ತರಿಸಲಾ ಬೇಡವಾ?

ಬೇವಿನೆಣ್ಣೆ_ಭಕ್ತ
ಹಿಟ್ಟು ತಿಗಣೆ ಅಣ್ಣ. ಬೇವಿನೆಣ್ಣೆ, ಸೋಪು ನೀರು ಬೆರೆಸಿ ಹೊಡೆಯಿರಿ. ಮುಗೀತು.

ಧಾರವಾಡ_ಫೇಡಾ
ಹಿಟ್ಟು ತಿಗಣೆ ಒರೆಸಿದ್ರ ಕೆಂಪ್ ಆಗಂಗಿಲ್ರೀ. ನಮ್ಮ ಕಡೆ ಡಬ್ಬಗಳ್ಳಿ ಬೇಲಿಯೊಳಗ ಸಣ್ಣಂದಿರತ ನೋಡೀವಿ. ಆ ಹುಳ ಹಿಚುಕಿ ಹಣಿಗೆ ಕುಂಕುಮ ಹಚ್ಚಿಕೊಂಡು ಆಟ ಆಡ್ತಿದ್ವಿ.

ಕೀಟದ_ಮೇಷ್ಟ್ರು
ಫೇಡಾ ಅವರು ಹೇಳಿದ್ದು ಸರಿ. ಇದು ಕೊಚಿನೀಲ್. ಬಿಳಿ ಕಾಣುವುದು ಮೇಣ, ಅದರೊಳಗೆ ಕೂತಿರುವುದು ಹೆಣ್ಣು. ಅದಕ್ಕೆ ರೆಕ್ಕೆ ಇಲ್ಲ, ಒಮ್ಮೆ ಮೂತಿ ಚುಚ್ಚಿ ಕೂತರೆ ಜೀವನಪೂರ್ತಿ ಅಲ್ಲೇ. ಗಂಡು ಸಣ್ಣದು, ಅದಕ್ಕೆ ರೆಕ್ಕೆ ಇದೆ. ಆಗಷ್ಟೇ ಹುಟ್ಟಿದ ಮರಿಗಳನ್ನು ಗಾಳಿ ಹೊತ್ತುಕೊಂಡು ಹೋಗುತ್ತದೆ. ಬಟ್ಟೆಗೆ, ತುಟಿಗೆ, ತಿಂಡಿಗೆ ಹಾಕುವ ಕಾರ್ಮೈನ್ ಬಣ್ಣ ಇದೇ ಬಳಗದ ಹುಳದ್ದು.

ಪಕ್ಕದ ಹೊಲದ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಮಾತು ಮುಕ್ಕಾಲು ನಿಜ. ಆದರೆ ಬಂದಿದ್ದು ಒಂದೇ ಹುಳವಲ್ಲ, ಒಂದೇ ಸಲವೂ ಅಲ್ಲ.

ಮೊದಲನೆಯದು 1795ರಲ್ಲಿ. ಆಗ ಕೆಂಪು ಬಣ್ಣದ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೂ ಆಸೆ. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಅನ್ನುವ ವೈದ್ಯರು ಹುಳ ಬರುವ ಮೊದಲೇ ಕಳ್ಳಿ ತೋಟ ಎಬ್ಬಿಸಿ ಕಾಯುತ್ತಿದ್ದರು. ಕೊನೆಗೆ ಬ್ರೆಜಿಲಿನಿಂದ ಹಡಗಿನಲ್ಲಿ ಹುಳ ಬಂತು. ಬಂದಿದ್ದು ಬಣ್ಣದ ಅಸಲಿ ಹುಳ ಅಲ್ಲ, ಅದರ ಕಾಡು ನೆಂಟ. ಬಣ್ಣ ಕಳಪೆ. ಆದರೆ ದಕ್ಷಿಣ ಭಾರತದಲ್ಲಿ ಒಂದು ಜಾತಿಯ ಕಳ್ಳಿಯನ್ನು ಹೆಸರಿಲ್ಲದಂತೆ ತಿಂದು ಹಾಕಿತು. ಇನ್ನೊಂದು ಜಾತಿಯನ್ನು, ಅಂದರೆ ನಮ್ಮ ಬೇಲಿಗಳಲ್ಲಿ ಹಳದಿ ಹೂ ಬಿಡುವ ಪಾಪಾಸುಕಳ್ಳಿಯನ್ನು, ಮೂಸಿಯೂ ನೋಡಲಿಲ್ಲ. ಅದಕ್ಕೆಂದೇ 1926ರಲ್ಲಿ ಸಿಲೋನಿನಿಂದ ಬೇರೆ ಜಾತಿಯ ಕೊಚಿನೀಲ್ ತಂದರು, ಹೆಸರು ಡಾಕ್ಟೈಲೋಪಿಯಸ್ ಒಪಂಶಿಯೆ. ಅಜ್ಜನ ಅಪ್ಪ ನೋಡಿದ್ದು ಬಹುಶಃ ಇದನ್ನೇ.

ನಿಮ್ಮ ಹೊಲದ್ದು ಯಾವುದು ಅಂತ ಫೋಟೋ ನೋಡಿ ಹೇಳಲಾಗದು. ಮೇಣ ತೆಗೆದು ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಸಂಶಯ_ಸೋಮ
ಕಳ್ಳಿ ಸಾಯಿಸಲು ತಂದ ಹುಳ ಕಳ್ಳಿ ತಿನ್ನುತ್ತಿದೆ. ಇದರಲ್ಲಿ ಚರ್ಚೆ ಏನಿದೆ?

ಕೀಟದ_ಮೇಷ್ಟ್ರು
ಇದೆ ಸೋಮಣ್ಣ. ಬೇಲಿಯ ಪಾಪಾಸುಕಳ್ಳಿ ಒಂದು ಜಾತಿ. ಹಿರಿಯೂರಿನವರು ಮೇವಿಗೆ ಹಾಕಿರುವುದು ಇನ್ನೊಂದು ಜಾತಿ ಇರಬೇಕು, ಮುಳ್ಳಿಲ್ಲದ ತಳಿಗಳು ಸಾಮಾನ್ಯವಾಗಿ ಅದರವೇ. 1926ರಲ್ಲಿ ತಂದ ಈ ಹುಳದ ಒಂದೇ ಜಾತಿಯೊಳಗೆ ಎರಡು ತಳಿ ಇವೆ. ಕಣ್ಣಿಗೆ ಒಂದೇ ಥರ, ಸೂಕ್ಷ್ಮದರ್ಶಕದಲ್ಲೂ ಒಂದೇ ಥರ. ಊಟ ಮಾತ್ರ ಬೇರೆ.

ಇದು ಗೊತ್ತಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿ 1938ರಲ್ಲಿ ತಂದ ಹುಳ ಮೇವಿನ ಕಳ್ಳಿಯ ಜಾತಿಯನ್ನು ಚೆನ್ನಾಗಿ ಹತೋಟಿಗೆ ತಂದಿತ್ತು. ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ನಮ್ಮ ಪಾಪಾಸುಕಳ್ಳಿಯ ಜಾತಿ ಹಬ್ಬಿತು. ಸರಿ, ಅದೇ ಹುಳ ಬಿಟ್ಟರಾಯಿತು ಅಂದುಕೊಂಡರು. ಹುಳ ಆ ಕಡೆ ತಿರುಗಿಯೂ ನೋಡಲಿಲ್ಲ. 1990ರ ದಶಕದ ಕೊನೆಗೆ ಆಸ್ಟ್ರೇಲಿಯಾದಿಂದ, ಪಾಪಾಸುಕಳ್ಳಿ ಮೇಲೆಯೇ ಬದುಕಿದ್ದ ಇನ್ನೊಂದು ತಳಿ ತಂದ ಮೇಲೆ ಕೆಲಸ ಆಯಿತು. ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು.

ಈಗ ತಲೆನೋವು ಶುರು. ಒಂದೇ ಜಾತಿ ಅಂದ ಮೇಲೆ ಗಂಡು ಹೆಣ್ಣು ಕೂಡುತ್ತವೆ. ಕೂಡಿದರೆ ಹುಟ್ಟುವ ಮರಿ ಯಾವ ಕಳ್ಳಿ ತಿನ್ನುತ್ತದೆ?

ಧಾರವಾಡ_ಫೇಡಾ
ಸಸ್ಪೆನ್ಸ್ ಯಾಕ್ರೀ ಮೇಷ್ಟ್ರ, ಹೇಳಿಬಿಡ್ರಿ.

ಕೀಟದ_ಮೇಷ್ಟ್ರು
ಮೊದಲ ತಲೆಮಾರಿನ ಮಿಶ್ರ ಮರಿಗಳು ಎರಡೂ ಕಳ್ಳಿ ಮೇಲೆ ಬೆಳೆದವು.

ಸಂಶಯ_ಸೋಮ
ಅಂದರೆ ಸೂಪರ್ ಹುಳ. ಇದನ್ನೇ ಹೇಳುತ್ತಿದ್ದೆ. ವಿಜ್ಞಾನಿಗಳು ತರುವುದು ಒಂದಕ್ಕೆ, ಆಗುವುದು ಇನ್ನೊಂದು. ಕಾಂಗ್ರೆಸ್ ಗಿಡದ ದುಂಬಿ ಕಥೆ ಮರೆತಿರಾ? ಮೆಕ್ಸಿಕೋದಿಂದ ತಂದು ಬೆಂಗಳೂರಲ್ಲಿ ಬಿಟ್ಟರು. ಇಲ್ಲಿನ ಹುಳದ ಜೊತೆ ಸೇರಿ ಹೊಸ ಜಾತಿ ಆಗಿ ಸೂರ್ಯಕಾಂತಿ ತಿನ್ನಲು ಶುರು ಮಾಡಿತು. ನಮ್ಮ ಚಿಕ್ಕಪ್ಪನ ಹೊಲದಲ್ಲೇ ಆಗಿದ್ದು.

ಟ್ರೈಕೋ_ಅಕ್ಕ
ಸೋಮ, ಅದು ಹಾಗಲ್ಲಪ್ಪ. ದುಂಬಿ ಬಿಟ್ಟಿದ್ದು 1984ರಲ್ಲಿ. ಆಮೇಲೆ ಸೂರ್ಯಕಾಂತಿ ಎಲೆ ಕಡಿದಿದ್ದು ನಿಜ, ರೈತರು ಹೆದರಿದ್ದೂ ನಿಜ. ಆದರೆ ಇಲ್ಲಿನ ಯಾವ ಹುಳದ ಜೊತೆಗೂ ಅದು ಸೇರಿಲ್ಲ. ಬೆಂಗಳೂರಿನ ಸಂಶೋಧಕರೇ ಪರೀಕ್ಷೆ ಮಾಡಿ 1993ರಲ್ಲಿ ಬರೆದರು. ಹೊಲದ ಬದುವಿನ ಕಾಂಗ್ರೆಸ್ ಗಿಡದ ಪರಾಗ ಗಾಳಿಗೆ ಬಂದು ಸೂರ್ಯಕಾಂತಿ ಎಲೆ ಮೇಲೆ ಕೂತಿರುತ್ತದೆ. ಆ ರುಚಿಗೆ ದುಂಬಿ ಎಲೆ ಕಡಿಯುತ್ತದೆ. ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ನಾವು ಬಾಗಿಲು ತಟ್ಟುವುದಿಲ್ಲವಾ, ಹಾಗೆ.

ಸಂಶಯ_ಸೋಮ
ಅಕ್ಕ, ಒಗ್ಗರಣೆ ಉದಾಹರಣೆ ಚೆನ್ನಾಗಿದೆ. ಚಿಕ್ಕಪ್ಪನಿಗೆ ನಷ್ಟ ಯಾರು ಕೊಟ್ಟರು?

ಬೇವಿನೆಣ್ಣೆ_ಭಕ್ತ
ಅದಕ್ಕೆ ಕಾಂಗ್ರೆಸ್ ಗಿಡ ಅಂತ ಯಾಕೆ ಹೆಸರು ಬಂತು ಗೊತ್ತಾ? ಅಮೆರಿಕದ ಗೋಧಿ…

ನಿರ್ವಾಹಕ
ಆ ವಿಷಯಕ್ಕೆ ಈಗಾಗಲೇ ಮೂರು ಎಳೆ ಇವೆ. ಮೂರರಲ್ಲೂ ಜಗಳ ಆಗಿ ಬೀಗ ಹಾಕಿದ್ದೇನೆ. ಇಲ್ಲಿ ಬೇಡ.

ಕೀಟದ_ಮೇಷ್ಟ್ರು
ಸೂಪರ್ ಹುಳದ ಮಾತಿಗೆ ಬರುತ್ತೇನೆ. ಸೋಮಣ್ಣ, ನೀವು ಮುಸುಕಿನ ಜೋಳ ಬೆಳೆದಿದ್ದೀರಾ? ಹೈಬ್ರಿಡ್ ಬೀಜ ಮೊದಲ ವರ್ಷ ಒಂದೇ ಎತ್ತರ, ಒಂದೇ ತೆನೆ. ಅದರದೇ ಕಾಳು ಎತ್ತಿಟ್ಟು ಮರುವರ್ಷ ಬಿತ್ತಿ ನೋಡಿ. ಒಂದು ಉದ್ದ, ಒಂದು ಗಿಡ್ಡ, ಒಂದರಲ್ಲಿ ತೆನೆಯೇ ಇಲ್ಲ. ಹುಳದಲ್ಲೂ ಅಷ್ಟೇ. ಮಿಶ್ರ ಹುಳಗಳು ತಮ್ಮತಮ್ಮಲ್ಲೇ ಕೂಡಿದರೆ ಮುಂದಿನ ತಲೆಮಾರು ಒಡೆಯುತ್ತದೆ. ಕೆಲವು ಈ ಕಳ್ಳಿಯವು, ಕೆಲವು ಆ ಕಳ್ಳಿಯವು, ಕೆಲವು ಎರಡಕ್ಕೂ ಸೈ. ಮರಿ ಹೋಗುವುದು ಗಾಳಿ ಒಯ್ದ ಕಡೆ. ತನಗೆ ಆಗದ ಕಳ್ಳಿ ಮೇಲೆ ಇಳಿದರೆ ಸತ್ತಂತೆ.

ಹಾಗಾಗಿ ಒಂದೇ ಜಾತಿ ಕಳ್ಳಿ ಇರುವ ಕಡೆ ಮಿಶ್ರಣ ತಾನಾಗಿ ತೊಳೆದು ಹೋಗುತ್ತದೆ, ಅಲ್ಲಿನ ಕಳ್ಳಿ ತಿನ್ನಬಲ್ಲವೇ ಉಳಿಯುತ್ತವೆ. ಎರಡೂ ಜಾತಿ ಅಕ್ಕಪಕ್ಕ ಇದ್ದರೆ ಕಲಸುಮೇಲೋಗರ ನಡೆಯುತ್ತಲೇ ಇರುತ್ತದೆ. ಹಿರಿಯೂರಿನವರ ಹೊಲದ ಬೇಲಿ ಯಾವುದು ಅಂತ ನನಗೆ ಕುತೂಹಲ.

ಹಿರಿಯೂರು_ಕುರಿಮಂದೆ
ಸರ್, ಬೇಲಿ ಪಾಪಾಸುಕಳ್ಳಿಯದ್ದೇ. ತಾತ ಹಾಕಿದ್ದು. 😐

ಧಾರವಾಡ_ಫೇಡಾ
ಆತ್ ಬಿಡ್ರಿ.

ಸ್ಟುಟ್‌ಗಾರ್ಟ್_ಸುಬ್ಬಿ
ಈ ಎಳೆ ನೋಡಿ ತಡೆಯಲಾಗಲಿಲ್ಲ. ನಾವಿರುವ ಕಡೆ ಅಕ್ಟೋಬರಿನಲ್ಲಿ ಬಿಸಿಲು ಬಿದ್ದ ಮಧ್ಯಾಹ್ನ ಬಿಳಿ ಗೋಡೆ ಮೇಲೆಲ್ಲ ಗುಲಗಂಜಿ ಹುಳ. ಕಿಟಕಿ ಚೌಕಟ್ಟಿನ ಸಂದಿಯಲ್ಲಿ ಮುಷ್ಟಿಗಟ್ಟಲೆ ಸೇರಿಕೊಂಡು ಚಳಿಗಾಲ ಕಳೆಯುತ್ತವೆ. ಗುಡಿಸಲು ಹೋದರೆ ಕಾಲಿನ ಗಂಟಿನಿಂದ ಹಳದಿ ರಸ ಬಿಡುತ್ತವೆ, ಕೊಳೆತ ಕಡಲೆಕಾಯಿಯ ಹಾಗೆ ಗಬ್ಬು. ಪರದೆ ಮೇಲೆ ಕಲೆ ಬಿದ್ದರೆ ಹೋಗುವುದಿಲ್ಲ. ಅತ್ತೆ ಬಂದಾಗ ಗುಲಗಂಜಿ ಹುಳ ಮನೆಗೆ ಬರುವುದು ಶುಭ ಅಂದರು. ಮೂರನೇ ದಿನ ಅವರೇ ವ್ಯಾಕ್ಯೂಮ್ ಕ್ಲೀನರ್ ಹಿಡಿದರು.

ಇದು ಏಷ್ಯಾದ ಹುಳ, ಹಾರ್ಮೋನಿಯಾ. ಗಿಡದ ಹೇನು ತಿನ್ನಲಿ ಅಂತ ತಂದಿದ್ದು. ಅಮೆರಿಕದಲ್ಲಿ 1916ರಿಂದ ಹಲವು ಸಲ ಬಿಟ್ಟರು, ಕಾಡಿನಲ್ಲಿ ನೆಲೆ ನಿಂತಿದ್ದು ಕಂಡಿದ್ದು 1988ರಲ್ಲಿ. ಫ್ರಾನ್ಸಿನವರು 1982ರಲ್ಲಿ ಚೀನಾದಿಂದ ತಂದು ಲ್ಯಾಬಿನಲ್ಲಿ ಸಾಕಿ 1995ರಿಂದ ತೋಟದವರಿಗೆ ಮಾರಿದರು. 2000ದ ಆಚೆಈಚೆ ಯುರೋಪಿನ ತುಂಬ ಹಬ್ಬಿತು. ಎಲ್ಲರೂ ಲ್ಯಾಬ್ ಹುಳ ತಪ್ಪಿಸಿಕೊಂಡಿದ್ದೇ ಅಂದುಕೊಂಡಿದ್ದರು. 2010ರಲ್ಲಿ ಡಿಎನ್‌ಎ ನೋಡಿದಾಗ ಬೇರೆಯೇ ಕಥೆ. ಯುರೋಪಿಗೆ ಬಂದಿದ್ದು ಪೂರ್ವ ಅಮೆರಿಕದಿಂದ, ಅಲ್ಲಿ ಆಗಲೇ ಪುಂಡಾಗಿದ್ದ ಹುಳ. ಅದು ಇಲ್ಲಿ ಬಂದು ಯುರೋಪಿನ ಲ್ಯಾಬ್ ತಳಿಯ ಜೊತೆ ಬೆರೆತಿದೆ. ಈಗ ನನ್ನ ಕಿಟಕಿಯಲ್ಲಿರುವುದು ಆ ಬೆರಕೆ.

ಸಂಶಯ_ಸೋಮ
ಇನ್ನೇನು ಬೇಕು? ಬೆರೆಸಬಾರದು, ಅಷ್ಟೇ.

ಬ್ರಿಸ್ಬೇನ್_ಬಯಲುಸೀಮೆ
ಸೋಮಣ್ಣ, ಬೆರಕೆ ಇಲ್ಲದೆಯೂ ಹುಳ ಜೋರಾಗಬಹುದು. ನಾನಿರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕಥೆ ಕೇಳಿ. ಇಲ್ಲಿ, ಪಕ್ಕದ ನ್ಯೂ ಸೌತ್ ವೇಲ್ಸ್ ಸೇರಿ, ಕಳ್ಳಿ 1920ರ ದಶಕದಲ್ಲಿ ಸುಮಾರು 2.4 ಕೋಟಿ ಹೆಕ್ಟೇರ್ ನುಂಗಿತ್ತು. ಜನ ಹೊಲ ಮನೆ ಬಿಟ್ಟು ಹೋದರು. 1925ರಲ್ಲಿ ಅರ್ಜೆಂಟೀನಾದಿಂದ ಒಂದು ಪತಂಗದ ಮೊಟ್ಟೆ ಬಂತು, ಕ್ಯಾಕ್ಟೋಬ್ಲಾಸ್ಟಿಸ್. ಲೆಕ್ಕ 3,000ಕ್ಕೂ ಕಡಿಮೆ ಮೊಟ್ಟೆ. ಎಲ್ಲ ಒಂದೇ ಕಡೆಯವು. ಅಷ್ಟರಿಂದ ಬೆಳೆಸಿದ ಹುಳ ಏಳೆಂಟು ವರ್ಷದಲ್ಲಿ ಕಳ್ಳಿಯನ್ನು ಮಲಗಿಸಿತು. ಹೊಸ ರಕ್ತ ಬೇಕಾಗಲೇ ಇಲ್ಲ. ಬೂನಾರ್ಗ ಅನ್ನುವ ಹಳ್ಳಿಯಲ್ಲಿ ಆ ಹುಳದ ನೆನಪಿಗೆ ಒಂದು ಸಭಾಭವನ ಕಟ್ಟಿದ್ದಾರೆ. ಹೋಗಿ ಫೋಟೋ ತೆಗೆಸಿಕೊಂಡು ಬಂದೆ. ತಗಡಿನ ಚಾವಣಿ, ಮರದ ಗೋಡೆ, ನಮ್ಮೂರಿನ ಹಳೇ ಸ್ಕೂಲಿನ ಹಾಗಿದೆ. ಹುಳದ ಹೆಸರಿಗೆ ಹಾಲ್ ಕಟ್ಟಿಸಿದವರನ್ನು ಬೇರೆಲ್ಲೂ ನೋಡಿಲ್ಲ.

ಟ್ರೈಕೋ_ಅಕ್ಕ
ಅಲ್ಲಿ ಹೊಸ ರಕ್ತ ಬೇಕಾಗಲಿಲ್ಲ. ನಮ್ಮ ಕೆಲಸದಲ್ಲಿ ಬೇಕೇ ಬೇಕು.

ನಾನು ಮಂಡ್ಯ ಕಡೆ ಟ್ರೈಕೋಕಾರ್ಡ್ ತಯಾರಿಸುವ ಘಟಕದಲ್ಲಿ ಹನ್ನೊಂದು ವರ್ಷ ಇದ್ದೆ. ಟ್ರೈಕೋ ಅಂದರೆ ಟ್ರೈಕೋಗ್ರಾಮ, ಕಬ್ಬಿನ ಕಾಂಡ ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಸಾಸಿವೆಗಿಂತ ಸಣ್ಣ ಕಣಜ. ಅದನ್ನು ಬೆಳೆಸಲು ಮೊದಲು ಅಕ್ಕಿ ಪತಂಗ ಬೆಳೆಸಬೇಕು. ಅದರ ಮೊಟ್ಟೆ ಜರಡಿ ಹಿಡಿದು, ನೀಲಿ ದೀಪದ ಕೆಳಗೆ ಇಟ್ಟು ಒಳಗಿನ ಜೀವ ಸಾಯಿಸಿ, ಗೋಂದು ಹಚ್ಚಿದ ಕಾರ್ಡಿನ ಮೇಲೆ ಉದುರಿಸಬೇಕು. ಕಣಜ ಮೊಟ್ಟೆ ಇಡುವುದು ಅದರೊಳಗೆ. ಒಂದು ಸಿಸಿಯಲ್ಲಿ 18,000ದಿಂದ 20,000 ಮೊಟ್ಟೆ. ಪತಂಗದ ರೆಕ್ಕೆಪುಡಿ ಹಾರಿ ಸಂಜೆ ಹೊತ್ತಿಗೆ ಮೂಗು, ಗಂಟಲು ಎಲ್ಲ ಕಡಿತ. ಮಾಸ್ಕ್ ಹಾಕುವುದು ಕೊರೊನಾ ಬಂದ ಮೇಲೆ ಕಲಿತವರಲ್ಲ ನಾವು.

ಒಂದೇ ಬುಟ್ಟಿಯ ಹುಳವನ್ನು ಲ್ಯಾಬಿನಲ್ಲೇ ತಲೆಮಾರುಗಟ್ಟಲೆ ತಿರುಗಿಸಿದರೆ ಅದು ಸೋಮಾರಿ ಆಗುತ್ತದೆ. ಕಾರ್ಡಿನ ಮೇಲೆ ಚೆನ್ನಾಗಿ ಹುಟ್ಟುತ್ತದೆ, ಗದ್ದೆಗೆ ಬಿಟ್ಟರೆ ಹುಡುಕಿಕೊಂಡು ಹೋಗುವುದಿಲ್ಲ. ಕೂತಲ್ಲೇ ಊಟ ಸಿಕ್ಕಿ ಅಭ್ಯಾಸ ಆಗಿರುತ್ತದಲ್ಲ. ಹೆಣ್ಣು ಕಡಿಮೆ, ಗಂಡು ಜಾಸ್ತಿ ಆಗುತ್ತಾ ಬಂತೆಂದರೆ ನಮಗೆ ಎಚ್ಚರಿಕೆ. ಆಗ ಕಬ್ಬಿನ ಗದ್ದೆಗೆ ಹೋಗಿ ಪರಾವಲಂಬಿ ಬಿದ್ದು ಕಪ್ಪಾದ ಮೊಟ್ಟೆ ಆರಿಸಿ ತಂದು ಲ್ಯಾಬಿನ ಹುಳದ ಜೊತೆ ಸೇರಿಸುತ್ತಿದ್ದೆವು. ಸಂಬಂಧದಲ್ಲೇ ಕೊಟ್ಟು ತಂದು ಮಾಡುವ ಮನೆಗೆ ಹೊರಗಿನ ಸೊಸೆ ಬಂದ ಹಾಗೆ.

ಕಾಫಿಕಣಿವೆ
ಹೊರಗಿನ ಸೊಸೆಯಾಗಿ ಹೇಳುತ್ತಿದ್ದೇನೆ ಅಕ್ಕ, ಕೆಲವು ಮನೆಗಳಿಗೆ ನಾವೂ ಸಾಲುವುದಿಲ್ಲ. 😄

ಅಂದಹಾಗೆ ಹಿರಿಯೂರಿನವರಿಗೆ: ನಮ್ಮ ತೋಟದಲ್ಲಿ ಹಿಟ್ಟು ತಿಗಣೆಗೆ ಬಿಡುವ ಕ್ರಿಪ್ಟೋಲೀಮಸ್ ದುಂಬಿ ಈ ಕೊಚಿನೀಲನ್ನೂ ತಿನ್ನುತ್ತದೆ. ಅದೂ ಹೊರಗಿನದೇ, 1898ರಲ್ಲಿ ಆಸ್ಟ್ರೇಲಿಯಾದಿಂದ ತಂದಿದ್ದು. ಬೆಂಗಳೂರಿನಲ್ಲಿ ಡಬ್ಬಿಯಲ್ಲಿ ಮಾರುತ್ತಾರೆ. ಅದರ ಮರಿ ನೋಡಿ ಹೆದರಿ ಸಾಯಿಸಬೇಡಿ. ಮರಿಯ ಮೈಮೇಲೂ ಬಿಳಿ ಮೇಣ, ಥೇಟ್ ಹಿಟ್ಟು ತಿಗಣೆಯ ದೊಡ್ಡಣ್ಣನ ಹಾಗೆ. ನಮ್ಮ ತೋಟದ ಲೆಕ್ಕ, ಆಳು ನೋಡಿಕೊಳ್ಳುವ ಹೊಸ ರೈಟರ್ ಒಬ್ಬರು ಔಷಧಿ ಹೊಡೆಸಿ ಎಲ್ಲ ಮರಿ ಸಾಯಿಸಿದ್ದರು.

ಫೀನಿಕ್ಸ್_ಬಿಸಿಲು
ಸೊಸೆ ಮಾತು ಬಂದಿದ್ದಕ್ಕೆ ಇದೂ ಇರಲಿ. ನಮ್ಮ ನೈಋತ್ಯ ಅಮೆರಿಕದ ನದಿ ದಂಡೆಗಳಲ್ಲಿ ಟ್ಯಾಮರಿಸ್ಕ್ ಅನ್ನುವ ಏಷ್ಯಾದ ಪೊದೆ. ಅದನ್ನು ತಿನ್ನಲು 2001ರಲ್ಲಿ ಡಯೊರಾಬ್ಡ ದುಂಬಿ ಬಿಟ್ಟರು. ಚೀನಾ, ಕಝಾಕಿಸ್ತಾನದಿಂದ ತಂದಿದ್ದು. ಉತ್ತರದಲ್ಲಿ ಚೆನ್ನಾಗಿ ಕೆಲಸ ಮಾಡಿತು. ದಕ್ಷಿಣದಲ್ಲಿ ಇಲ್ಲ. ಕಾರಣ ಕೇಳಿ: ಹಗಲು ಇಷ್ಟು ಗಂಟೆಗಿಂತ ಕಡಿಮೆ ಆದರೆ ಚಳಿಗಾಲ ಬಂತು, ನಿದ್ದೆಗೆ ಹೋಗೋಣ ಅಂತ ಆ ಹುಳದ ಲೆಕ್ಕ. ದಕ್ಷಿಣಕ್ಕೆ ಬಂದರೆ ಬೇಸಿಗೆಯಲ್ಲೇ ಹಗಲು ಅದರ ಲೆಕ್ಕಕ್ಕಿಂತ ಗಿಡ್ಡ. ಜುಲೈನಲ್ಲೇ ಮಲಗಿಬಿಡುತ್ತಿತ್ತು!

ಅದಕ್ಕೆ ಗ್ರೀಸಿನ ಕ್ರೀಟ್ ದ್ವೀಪ, ಟ್ಯುನೀಶಿಯಾ, ಉಜ್ಬೆಕಿಸ್ತಾನದಿಂದ ಬೇರೆ ಮೂರು ಥರದ್ದು ತಂದು ಟೆಕ್ಸಾಸ್ ಕಡೆ ಬಿಟ್ಟರು. ಮೊದಲು ಎಲ್ಲಕ್ಕೂ ಒಂದೇ ಹೆಸರಿತ್ತು. ಆಮೇಲೆ ಬೇರೆ ಬೇರೆ ಜಾತಿ ಅಂತ ವಿಂಗಡಿಸಿದರು. ಆದರೆ ಹುಳಗಳು ಆ ಪುಸ್ತಕ ಓದಿಲ್ಲವಲ್ಲ. ನಂತರ ಬಂದ ಮೂರು ತಮ್ಮತಮ್ಮಲ್ಲಿ ಸಲೀಸಾಗಿ ಬೆರೆತವು. ಮೊದಲಿನ ಚೀನಾದ್ದು ಮಾತ್ರ ಅವುಗಳ ಜೊತೆ ಅಷ್ಟು ಹೊಂದಲಿಲ್ಲ, ಆ ಜೋಡಿಗಳಲ್ಲಿ ಸಂತಾನ ಕಡಿಮೆ.

ತಮಾಷೆ ಅಂದರೆ ಆ ಮೊದಲಿನದ್ದು ಬೆರೆಯದೇ ದಾರಿ ಕಂಡುಕೊಂಡಿತು. ಕೆಲವೇ ವರ್ಷದಲ್ಲಿ ಅದರ ಹಗಲಿನ ಲೆಕ್ಕವೇ ಬದಲಾಗಿ, ತಡವಾಗಿ ಮಲಗುವ ಹುಳಗಳು ಉಳಿದು ತೆಂಕಣಕ್ಕೆ ಇಳಿದವು. ಅಷ್ಟರಲ್ಲಿ ವಿಲೋ ಫ್ಲೈಕ್ಯಾಚರ್ ಅನ್ನುವ ಅಳಿವಿನಂಚಿನ ಹಕ್ಕಿ ಈ ಪೊದೆಯಲ್ಲೇ ಗೂಡು ಕಟ್ಟುತ್ತದೆ ಅಂತ ಕೇಸು ಬಿತ್ತು, 2010ರಲ್ಲಿ ಅಮೆರಿಕದ ಕೃಷಿ ಇಲಾಖೆ ಕಾರ್ಯಕ್ರಮ ಕೈಬಿಟ್ಟಿತು. ದುಂಬಿಗೆ ಆದೇಶದ ಪ್ರತಿ ತಲುಪಿಲ್ಲ.

ಸಂಶಯ_ಸೋಮ
ಬೆರೆತರೂ ತಪ್ಪು, ಬೆರೆಯದಿದ್ದರೂ ತಪ್ಪು. ನೀವೆಲ್ಲ ಸೇರಿ ನನ್ನ ವಾದವನ್ನೇ ಗಟ್ಟಿ ಮಾಡುತ್ತಿದ್ದೀರಿ. ಹುಳ ತರುವುದೇ ಬೇಡ.

ಟ್ರೈಕೋ_ಅಕ್ಕ
ಹುಳ ಬೇಡ ಅಂದರೆ ಕಬ್ಬಿಗೆ ಏನು ಹೊಡೆಯುತ್ತೀರಿ, ಅದನ್ನೂ ಹೇಳಿ.

ಸಂಶಯ_ಸೋಮ
ನಾನು ಕಬ್ಬು ಬೆಳೆಯಲ್ಲ.

ಟ್ರೈಕೋ_ಅಕ್ಕ
ಗೊತ್ತಾಯ್ತು.

ಕೀಟದ_ಮೇಷ್ಟ್ರು
ಬೆರಕೆ ಅಂದ ತಕ್ಷಣ ಕೆಟ್ಟದ್ದು ಅನ್ನುವುದು ನಮ್ಮ ಮನಸ್ಸಿನ ರೋಗ. ನಾವು ತಿನ್ನುವ ಇಂಡಾಫ್ ರಾಗಿ ಏನು? ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿದ್ದು. ಹೆಸರಲ್ಲೇ ಇದೆ, ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಮುದ್ದೆ ನುಂಗುವಾಗ ಯಾರೂ ಬೆರಕೆ ಅನ್ನುವುದಿಲ್ಲ.

ಸಂಶಯ_ಸೋಮ
ಮೇಷ್ಟ್ರೇ, ರಾಗಿ ಇಷ್ಟವಾಗದಿದ್ದರೆ ಮುಂದಿನ ವರ್ಷ ಬಿತ್ತಲ್ಲ. ಹುಳವನ್ನು ವಾಪಸ್ ಡಬ್ಬಿಗೆ ಹಾಕಲಾಗುತ್ತದಾ?

ಕೀಟದ_ಮೇಷ್ಟ್ರು
ಇದು ಮಾತು. ಒಪ್ಪಿದೆ. ರಾಗಿ ಹೋಲಿಕೆ ವಾಪಸ್ ತೆಗೆದುಕೊಂಡೆ.

ಧಾರವಾಡ_ಫೇಡಾ
ಸೋಮಣ್ಣಗ ಒಂದ್ ಪಾಯಿಂಟ್. ಇವತ್ತಿನ ದಿನ ಬರೆದಿಡ್ರಿ.

ಹಿರಿಯೂರು_ಕುರಿಮಂದೆ
ಎಲ್ಲ ಓದಿದೆ. ತಲೆ ಸ್ವಲ್ಪ ತಿರುಗಿತು, ಆದರೂ ಚೆನ್ನಾಗಿದೆ. ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಹುಳ ಹತ್ತದ ತಳಿ ತರಿಸಲಾ? ಆನೆಕಿವಿ ಅಂತ ಏನೋ ಹೆಸರು ಹೇಳಿದರು, ಬ್ರೆಜಿಲಿನಲ್ಲಿ ಹುಳಕ್ಕೆ ಜಗ್ಗಿಲ್ಲವಂತೆ. ಒಂದು ಎಲೆಗೆ 400 ರೂಪಾಯಿ.

ಕೀಟದ_ಮೇಷ್ಟ್ರು
ದಯವಿಟ್ಟು ಬೇಡ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಬ್ರೆಜಿಲಿನ ಈಶಾನ್ಯ ಭಾಗ ನಿಮ್ಮ ಊರಿನ ಹಾಗೆಯೇ ಒಣನೆಲ. ಅಲ್ಲೂ ದನ, ಮೇಕೆಗೆ ಕಳ್ಳಿಯೇ ಮೇವು. ಇದೇ ಜಾತಿಯ ಕೊಚಿನೀಲ್ ಹೊಕ್ಕು ಆ ಮೇವಿನ ಕಳ್ಳಿಯನ್ನು ಹಾಳು ಮಾಡಿತು. 2013ರಲ್ಲಿ ಇಸ್ರೇಲ್, 2014ರಲ್ಲಿ ಮೊರಾಕೊ. ಮೊರಾಕೊದ ಹಳ್ಳಿಗಳ ಕಳ್ಳಿ ಬೇಲಿಗಳು ಸಾಲುಸಾಲಾಗಿ ಸತ್ತವು. ಒಂದು ಕಡೆ ಕಳೆ ತಿನ್ನುವ ಮಿತ್ರ, ಇನ್ನೊಂದು ಕಡೆ ಬೆಳೆ ತಿನ್ನುವ ಶತ್ರು.

ಬ್ರೆಜಿಲಿನವರು ತಡೆದುಕೊಳ್ಳುವ ತಳಿ ಹುಡುಕಿ ನೆಟ್ಟರು. ಅದರಲ್ಲಿ ಒಂದು ಆನೆಕಿವಿ. ಆದರೆ ಆನೆಕಿವಿ ಯಾವ ಜಾತಿ ಗೊತ್ತಾ? ನಿಮ್ಮ ತಾತ ಬೇಲಿಗೆ ಹಾಕಿದ ಪಾಪಾಸುಕಳ್ಳಿಯ ಜಾತಿಯೇ! ಬ್ರೆಜಿಲಿನಲ್ಲಿರುವ ಹುಳಕ್ಕೆ ಆ ಜಾತಿ ರುಚಿಸುವುದಿಲ್ಲ, ಅದಕ್ಕೆ ಅಲ್ಲಿ ಅದು ಗಟ್ಟಿ. ನಮ್ಮಲ್ಲಿ 1926ರಲ್ಲಿ ತಂದ ಹುಳವನ್ನು ಆರಿಸಿದ್ದೇ ಆ ಜಾತಿಯನ್ನು ತಿನ್ನಲಿ ಅಂತ. ಎಲೆಗೆ 400 ಕೊಟ್ಟು ಅದಕ್ಕೆ ಹಬ್ಬದೂಟ ಬಡಿಸಿದ ಹಾಗಾಗುತ್ತದೆ.

ಅದಕ್ಕಿಂತ ದೊಡ್ಡ ಭಯ ಬೇರೆ. ಎಲೆಯ ಕಣ್ಣಿನಲ್ಲಿ ಸಾಸಿವೆಯಷ್ಟು ಹೆಣ್ಣು ಅಂಟಿಕೊಂಡು ಬಂದರೂ ಸಾಕು, ಅಲ್ಲಿನ ಹುಳದ ತಳಿ ಇಲ್ಲಿಗೆ ಬಂತು. ಆಮೇಲೆ ಇಲ್ಲಿನ ಗಂಡು, ಅಲ್ಲಿನ ಹೆಣ್ಣು. ಮೇವಿನ ಕಳ್ಳಿಗೂ ಸೈ, ಬೇಲಿ ಕಳ್ಳಿಗೂ ಸೈ ಅನ್ನುವ ಮರಿ ನಿಮ್ಮ ಹೊಲದಲ್ಲೇ ಹುಟ್ಟಬಹುದು. ಹುಳ ಆಗಲೇ ನಮ್ಮಲ್ಲಿದೆ, ಇನ್ನೊಂದು ಬಂದರೆ ಏನು ಮಹಾ ಅನ್ನುವಂತಿಲ್ಲ. ಹೆಸರು ಒಂದೇ, ಊರು ಬೇರೆ. ಹೊರದೇಶದ ಗಿಡದ ತುಂಡನ್ನು ಪರವಾನಗಿ, ತಪಾಸಣೆ ಇಲ್ಲದೆ ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ತಪ್ಪು ಕೂಡ.

ಬೇವಿನೆಣ್ಣೆ_ಭಕ್ತ
ಅದು ಎಲೆ ಅಲ್ಲ, ಕಾಂಡ. ಇಷ್ಟು ಹೊತ್ತಿನಿಂದ ಎಲ್ಲರೂ ಎಲೆ ಎಲೆ ಅಂತಿದ್ದೀರಿ.

ಕೀಟದ_ಮೇಷ್ಟ್ರು
ಸರಿ ಸ್ವಾಮಿ, ಕಾಂಡ.

ಧಾರವಾಡ_ಫೇಡಾ
ಕಾಂಡ ಆಗ್ಲಿ ಎಲಿ ಆಗ್ಲಿ, ಅದರ ಹಣ್ಣು ತಿಂದೀರೇನ್ರಿ ಯಾರರ? ಕಲ್ಲಿಗೆ ತಿಕ್ಕಿ ಮುಳ್ಳು ತೆಗೀಬೇಕು. ಒಂದು ಕಣ್ಣಿಗೆ ಕಾಣದ ಮುಳ್ಳು ನಾಲಿಗಿಗೆ ಹೊಕ್ಕರ ಮೂರು ದಿನ ಉಣ್ಣಾಕ ಆಗಂಗಿಲ್ಲ. ನಾಲಿಗಿ ಮಾತ್ರ ಗುಲಾಬಿ.

ಸ್ಟುಟ್‌ಗಾರ್ಟ್_ಸುಬ್ಬಿ
ಇಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಒಂದಕ್ಕೆ ಒಂದು ಯೂರೋ ಆ ಹಣ್ಣು. ಮುಳ್ಳು ತೆಗೆದು ಕೊಡುತ್ತಾರೆ, ಮಜವೇ ಇಲ್ಲ. ಮತ್ತೆ ಸಸ್ಯಾಹಾರಿಗಳಿಗೆ ಒಂದು ಕಿವಿಮಾತು, ಇಲ್ಲಿನ ಕೆಂಪು ಮಿಠಾಯಿ ಮೇಲೆ ಇ120 ಅಂತಿದ್ದರೆ ಅದು ಈ ಹುಳ. ನನಗೆ ತಿಳಿಯುವ ಹೊತ್ತಿಗೆ ಮಗಳು ಎರಡು ಡಬ್ಬಿ ಖಾಲಿ ಮಾಡಿದ್ದಳು.

ಹಿರಿಯೂರು_ಕುರಿಮಂದೆ
ಮೇಷ್ಟ್ರೇ, ತಳಿಯವರಿಗೆ ಬೇಡ ಅಂತ ಹೇಳಿದೆ. ಮುನಿಸಿಕೊಂಡರು. ಇರಲಿ. ಈಗ ನನ್ನಲ್ಲಿರುವ ಹುಳ ಯಾವ ಕಳ್ಳಿ ತಿನ್ನುತ್ತದೆ ಅಂತ ಮನೆಯಲ್ಲೇ ನೋಡಬಹುದಾ?

ಕೀಟದ_ಮೇಷ್ಟ್ರು
ನೋಡಬಹುದು. ಹೊಲದಲ್ಲಿ ಬೇಡ, ಮನೆಯೊಳಗೆ. ಹುಳ ಇಲ್ಲದ ಮೇವಿನ ಕಳ್ಳಿಯ ಎರಡು ಎಲೆ (ಕಾಂಡ!), ಬೇಲಿಯದ್ದು ಎರಡು. ಕೊಯ್ದ ಜಾಗ ಒಣಗಿಸಿ ನೇತು ಹಾಕಿ. ವಾರಗಟ್ಟಲೆ ಬಾಡುವುದಿಲ್ಲ. ಹುಳ ಇರುವ ಚಿಕ್ಕ ತುಂಡನ್ನು ನಾಲ್ಕಕ್ಕೂ ತಾಗಿಸಿ ಒಂದು ವಾರ ಬಿಡಿ, ಮರಿ ಹತ್ತಿಕೊಳ್ಳುತ್ತವೆ. ಸುತ್ತ ಒತ್ತಾದ ಬಟ್ಟೆ ಕಟ್ಟಿ. ಎರಡು ತಿಂಗಳು ಕಾಯಿರಿ.

ಬೇವಿನೆಣ್ಣೆ_ಭಕ್ತ
ಅಷ್ಟರಲ್ಲಿ ಹೊಲದ ಹುಳಕ್ಕೆ ಏನು ಮಾಡುತ್ತೀರಿ? ಸೋಪು ನೀರು ಹೊಡೆಯಿರಿ ಅಂದೆ.

ಕಾಫಿಕಣಿವೆ
ಸೋಪು ನೀರು ತಪ್ಪಲ್ಲ. ಜೋರಾಗಿ ಪೈಪ್ ಹಿಡಿದು ಮೇಣ ಬಿಚ್ಚಿದ ಮೇಲೆ ಹೊಡೆದರೆ ತಾಗುತ್ತದೆ. ಇಲ್ಲದಿದ್ದರೆ ಮೇಣದ ಮೇಲೆ ಜಾರಿ ಹೋಗುತ್ತದೆ. ಜಾಸ್ತಿ ಹತ್ತಿದ ಬುಡದ ಎಲೆಗಳನ್ನು ಕತ್ತರಿಸಿ ಹೂತುಬಿಡಿ.

ಹಿರಿಯೂರು_ಕುರಿಮಂದೆ (ಎರಡು ತಿಂಗಳ ಮೇಲೆ)
ನೆನಪಿದೆಯಾ ಎಲ್ಲರಿಗೂ? ಹೇಳಿದ ಹಾಗೇ ಮಾಡಿದೆ. ಉಗ್ರಾಣದ ತೊಲೆಗೆ ನಾಲ್ಕನ್ನೂ ನೇತು ಹಾಕಿ ಹಳೇ ಪಂಚೆ ಸುತ್ತಿದೆ. ಮೊದಲ ವಾರ ನಾಲ್ಕರ ಮೇಲೂ ಮರಿ ಹರಿದಾಡಿದವು, ಕೆಂಪು ರವೆ ಚೆಲ್ಲಿದ ಹಾಗೆ. ನಿನ್ನೆ ಪಂಚೆ ಬಿಚ್ಚಿದೆ. ಬೇಲಿ ಕಳ್ಳಿಯ ಎರಡರ ಮೇಲೂ ದಪ್ಪ ಹತ್ತಿ. ಮೇವಿನ ಕಳ್ಳಿಯಲ್ಲಿ ಒಂದರ ಮೇಲೆ ಏನೂ ಇಲ್ಲ, ಮರಿಗಳು ಒಣಗಿ ಉದುರಿವೆ. ಇನ್ನೊಂದರ ಮೇಲೆ ಏಳು ದೊಡ್ಡ ಹೆಣ್ಣು. ಎಣಿಸಿದೆ, ಏಳೇ. ಒಂದನ್ನು ಒರೆಸಿ ನೋಡಿದೆ, ಕೆಂಪೇ.

ಇದು ಮಿಶ್ರವಾ?

ಸಂಶಯ_ಸೋಮ
ಹೇಳಿದ್ದೆ.

ಕೀಟದ_ಮೇಷ್ಟ್ರು
ಆತುರ ಬೇಡ ಸೋಮಣ್ಣ. ಏಳು ಹುಳ ಇಟ್ಟುಕೊಂಡು ಮಿಶ್ರ ಅನ್ನಲಾಗದು. ಬೇಲಿಯ ತಳಿಯೇ ಮೇವಿನ ಕಳ್ಳಿ ಮೇಲೆ ಕಷ್ಟಪಟ್ಟು ಬದುಕಿರಬಹುದು. ಆ ಒಂದು ಎಲೆಯೇ ಬಡಕಲು ಇದ್ದಿರಬಹುದು. ಮಿಶ್ರವೂ ಇರಬಹುದು. ಡಿಎನ್‌ಎ ನೋಡಿಯೇ ಹೇಳಬೇಕು. ಹಿರಿಯೂರಿನವರೇ, ಆ ಏಳನ್ನು ಮುಟ್ಟಬೇಡಿ. ಮೂರನ್ನು ಸ್ಪಿರಿಟ್ ಬಾಟಲಿಗೆ ಹಾಕಿ. ಬೇಲಿ ಕಳ್ಳಿಯ ಹುಳ ಮೂರು ಬೇರೆ ಬಾಟಲಿಗೆ. ಮೇಲೆ ಚೀಟಿ ಅಂಟಿಸಿ, ದಿನ, ಜಾಗ, ಯಾವ ಕಳ್ಳಿ ಅಂತ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಾದರೆ ಸ್ಪಿರಿಟ್ ತಾಗಿ ಅಳಿಸುತ್ತದೆ. ಉಳಿದ ನಾಲ್ಕು ಮರಿ ಹಾಕಲಿ. ಆ ಮರಿಗಳನ್ನು ಮತ್ತೆ ಎರಡೂ ಕಳ್ಳಿಗೆ ಹತ್ತಿಸಿ ನೋಡೋಣ.

ಹಿರಿಯೂರು_ಕುರಿಮಂದೆ
ಆರಲ್ಲಿ ಒಂದು ಒರೆಸಿಬಿಟ್ಟೆನಲ್ಲ ಸರ್, ಈಗ ಉಳಿದಿರುವುದು ಆರು.

ಕೀಟದ_ಮೇಷ್ಟ್ರು
ಏಳರಲ್ಲಿ ಒಂದು.

ಹಿರಿಯೂರು_ಕುರಿಮಂದೆ
ಹೌದು, ಏಳರಲ್ಲಿ. ಮನೆಯವರು ಕೇಳುತ್ತಿದ್ದಾರೆ, ಉಗ್ರಾಣದಿಂದ ಆ ಪಂಚೆ ಯಾವಾಗ ತೆಗೀತೀರಿ ಅಂತ. ಇನ್ನೂ ಎರಡು ತಿಂಗಳು ಅಂತ ನೀವೇ ಬರೆದು ಕೊಡಿ, ಅವರಿಗೆ ತೋರಿಸುತ್ತೇನೆ.